ಅಡಿಕೆಯೂ ಅರ್ಬುದವೂ: ಒಂದು ಸಂಶೋಧನೆಯ ನಿಜಾರ್ಥ

ಅಮೆರಿಕಾ ದೇಶದ ವಿಜ್ಞಾನಿಗಳು ಅಡಿಕೆಯಲ್ಲಿ ಅರ್ಬುದರೋಗಕ್ಕೆ ಮದ್ದನ್ನು ಕಂಡುಹಿಡಿದಿದ್ದಾರೆ. ಆದುದರಿಂದ ಅಡಿಕೆಯು ಕ್ಯಾನ್ಸರನ್ನುಂಟುಮಾಡುವುದೆಂಬ ಮಾತು ಬರಿಯ ಅಪವಾದ. ಇಂತಹ ಒಂದು ಸಮಾಚಾರವು ನಮ್ಮ ಅಡಿಕೆಯ ಸೀಮೆಗಳಲ್ಲಿ ಕೆಲವು ವರ್ಷಗಳಿಂದ ಬಾಯಿಂದ ಬಾಯಿಗೆ, ಮೊಬೈಲ್ ಫೋನಿನಿಂದ ಮೊಬೈಲ್ ಫೋನಿಗೆ ಸಾಗುತ್ತಲಿದೆ. ಗುಬ್ಬಿಯ ತೋಟಗಾರನಿಗೂ ತುಮಕೂರಿನ ಮಂಡಿಯ ವರ್ತಕನಿಗೂ ಇದಕ್ಕಿಂತ ಪ್ರಿಯವಾದ ಸುದ್ದಿ ಮತ್ತೊಂದಿರಲಾರದು. ಆದರೆ ಪ್ರಿಯವಾದುದೆಲ್ಲವೂ ಸತ್ಯವಾಗಿದ್ದಿದ್ದರೆ ಲೋಕದಲ್ಲಿ ವಿಚಾರದ ಅಗತ್ಯವೇ ಇರುತ್ತಿರಲಿಲ್ಲ. ಈ ಸಮಾಚಾರದ ಮೂಲದಲ್ಲಿ ನಿಜವಾದ ಒಂದು ಸಂಶೋಧನೆಯುಂಟು. ಅದು ಗೌರವಕ್ಕೆ ಅರ್ಹವಾದುದೂ ಹೌದು. ಆದರೆ ಸಂಶೋಧನೆಯು ಹೇಳಿದುದು ಒಂದು, ಅದರ ಹೆಸರಿನಲ್ಲಿ ಹಬ್ಬಿರುವುದು ಮತ್ತೊಂದು. ಇವೆರಡನ್ನೂ ಬೇರ್ಪಡಿಸಿ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ಈ ವಿಷಯವು ತುಮಕೂರು ಜಿಲ್ಲೆಗೆ ಎಷ್ಟು ಮುಖ್ಯವಾದುದೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾದುದಿಲ್ಲ. ಗುಬ್ಬಿ, ಕುಣಿಗಲು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ತೆಂಗು ಅಡಿಕೆಗಳೆರಡೂ ಒಂದೇ ತೋಟದಲ್ಲಿ ಅಣ್ಣತಮ್ಮಂದಿರಂತೆ ಬೆಳೆದು ನಿಂತಿವೆ. ಕಡಬದ ಕೆರೆಯ ಕೆಳಗಾಗಲಿ, ಕುಣಿಗಲಿನ ದೊಡ್ಡಕೆರೆಯ ಕೆಳಗಾಗಲಿ, ಹೇಮಾವತಿಯ ನಾಲೆಯ ನೀರು ತಲಪಿದೆಡೆಯಲ್ಲಾಗಲಿ, ನೀರು ನಿಂತಲ್ಲೆಲ್ಲ ರೈತನು ಮೊದಲು ನೆಡುವುದು ಅಡಿಕೆಯ ಸಸಿಯನ್ನೇ. ಅದು ಫಲಕ್ಕೆ ಬರಲು ಹಲವು ವರ್ಷಗಳು ಬೇಕು. ಒಮ್ಮೆ ಬಂದಮೇಲೆ ಒಂದು ತಲೆಮಾರಿನ ಬದುಕಿಗೆ ಅದೇ ಆಧಾರ. ಮಗಳ ಮದುವೆ, ಮಗನ ವಿದ್ಯಾಭ್ಯಾಸ, ಕೊಳವೆಬಾವಿಯ ಸಾಲ, ಇವೆಲ್ಲವೂ ಅಡಿಕೆಯ ಧಾರಣೆಯನ್ನೇ ನೆಚ್ಚಿಕೊಂಡಿವೆ. ಇದಲ್ಲದೆ ಸುಗ್ಗಿಯ ಕಾಲದಲ್ಲಿ ಗೊನೆ ಇಳಿಸುವವರು, ಸುಲಿಯುವ ಹೆಂಗಸರು, ಬೇಯಿಸಿ ಒಣಗಿಸುವವರು, ಹೊರೆ ಸಾಗಿಸುವವರು ಎಷ್ಟೋ ಮಂದಿ. ಇಂತಹ ಬೆಳೆಯ ಮೇಲೆ ರೋಗಕಾರಕವೆಂಬ ಆರೋಪ ಬಂದಾಗ ಬೆಳೆಗಾರನ ಎದೆ ನಡುಗುವುದು ಸಹಜವೇ ಆಗಿದೆ. ಅವನ ಭಯವನ್ನು ಹಾಸ್ಯಮಾಡುವವರು ಅವನ ಕಷ್ಟವನ್ನರಿಯರು. ಆದರೆ ಭಯಕ್ಕೆ ಮದ್ದು ಸುಳ್ಳು ಸಮಾಧಾನವಲ್ಲ.

ಜೀವಕೋಶದ ಒಳಗಿನ ಉಸಿರು

ಸಂಶೋಧನೆಯ ಸ್ವರೂಪವನ್ನು ತಿಳಿಯಬೇಕಾದರೆ ಮೊದಲು ನಮ್ಮ ದೇಹದ ಜೀವಕೋಶಗಳೊಳಗೆ ಸ್ವಲ್ಪ ಇಣಿಕಿ ನೋಡಬೇಕಾಗುವುದು. ಪ್ರತಿಯೊಂದು ಜೀವಕೋಶದಲ್ಲಿಯೂ ಮೈಟೊಕಾಂಡ್ರಿಯವೆಂಬ ಅತಿಸೂಕ್ಷ್ಮವಾದ ಅಂಗಗಳಿರುತ್ತವೆ. ೧೮೯೮ರಲ್ಲಿ ಕಾರ್ಲ್ ಬೆಂಡಾ ಎಂಬ ಜರ್ಮನ್ ವಿದ್ವಾಂಸನು ಇವು ಸೂಕ್ಷ್ಮದರ್ಶಕದಲ್ಲಿ ನೂಲಿನಂತೆಯೂ ಕಾಳಿನಂತೆಯೂ ತೋರಿದುದರಿಂದ ಗ್ರೀಕ್ ಭಾಷೆಯ ಅವೇ ಎರಡು ಪದಗಳನ್ನು ಕೂಡಿಸಿ ಈ ಹೆಸರನ್ನಿಟ್ಟನು. ಕೆಂಪು ರಕ್ತಕಣಗಳಲ್ಲಿ ಇವು ಇರುವುದಿಲ್ಲ. ಎಡೆಬಿಡದೆ ದುಡಿಯುವ ಹೃದಯದ ಒಂದೊಂದು ಕೋಶದಲ್ಲಿಯಾದರೋ ಸಾವಿರಾರು ಇರುತ್ತವೆ. ನಾವು ಉಸಿರಾಡಿದ ಪ್ರಾಣವಾಯುವು ಕಟ್ಟಕಡೆಗೆ ಹೋಗಿ ಸೇರುವುದು ಇಲ್ಲಿಗೇ. ಉಂಡ ಅನ್ನದ ಸಾರವು ಇಲ್ಲಿ ಪ್ರಾಣವಾಯುವಿನೊಡನೆ ಕೂಡಿ ದಹಿಸಿ, ದೇಹದ ಸಕಲ ಕಾರ್ಯಗಳಿಗೂ ಬೇಕಾದ ಶಕ್ತಿಯು ಎ.ಟಿ.ಪಿ. ಎಂಬ ವಸ್ತುವಿನ ರೂಪದಲ್ಲಿ ಉತ್ಪನ್ನವಾಗುತ್ತದೆ. ಈ ದಹನಕ್ರಿಯೆಯು ನಡೆಯುವುದು ಮೈಟೊಕಾಂಡ್ರಿಯದಲ್ಲಿಯೇ ಎಂಬುದನ್ನು ಕೆನಡಿ ಮತ್ತು ಲೆನಿಂಜರ್ ಎಂಬ ಅಮೆರಿಕಾದ ವಿಜ್ಞಾನಿಗಳು ೧೯೪೮-೪೯ರಲ್ಲಿ ಸ್ಥಾಪಿಸಿದರು.

ಸಕ್ಕರೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ರಕ್ತದಲ್ಲಿನ ಗ್ಲೂಕೋಸು ಕೋಶದೊಳಕ್ಕೆ ಬಂದು, ಮೊದಲು ಪ್ರಾಣವಾಯುವಿನ ಸಹಾಯವಿಲ್ಲದೆಯೇ ಒಡೆದು ಪೈರುವಿಕ್ ಆಮ್ಲವಾಗುತ್ತದೆ. ಈ ಹಂತದಲ್ಲಿ ಒಂದು ಗ್ಲೂಕೋಸಿನಿಂದ ದೊರೆಯುವುದು ಎರಡೇ ಎ.ಟಿ.ಪಿ. ಅನಂತರ ಪೈರುವಿಕ್ ಆಮ್ಲವು ಮೈಟೊಕಾಂಡ್ರಿಯದಲ್ಲಿ ಪೂರ್ಣವಾಗಿ ದಹಿಸಿದರೆ ಒಟ್ಟು ಸುಮಾರು ಮೂವತ್ತು ದೊರೆಯುತ್ತವೆ. ಪೈರುವಿಕ್ ಆಮ್ಲವನ್ನು ಈ ದಹನಕ್ಕೆ ಬಿಟ್ಟುಕೊಡುವ ಒಂದು ಕಿಣ್ವಸಮೂಹವುಂಟು. ಅದರ ಹೆಸರು ಪೈರುವೇಟ್ ಡಿಹೈಡ್ರೋಜಿನೇಸ್. ಇದನ್ನು ಕೆರೆಯ ತೂಬಿಗೆ ಹೋಲಿಸಬಹುದು. ತೂಬು ತೆರೆದರೆ ನೀರು ಕೆಳಗಿನ ತೋಟಕ್ಕೆ ಹರಿಯುವುದು. ಮುಚ್ಚಿದರೆ ಕೆರೆ ತುಂಬಿ ನೀರು ಕೋಡಿ ಹರಿದು ಹೊರಕ್ಕೆ ಹೋಗುವುದು. ಜೀವಕೋಶದಲ್ಲಿಯೂ ಹಾಗೆಯೇ, ಈ ತೂಬು ಮುಚ್ಚಿತೆಂದರೆ ಪೈರುವಿಕ್ ಆಮ್ಲವು ಲ್ಯಾಕ್ಟಿಕ್ ಆಮ್ಲವಾಗಿ, ಅಂದರೆ ಮೊಸರಿಗೆ ಹುಳಿಯನ್ನು ಕೊಡುವ ಆ ಆಮ್ಲವೇ ಆಗಿ, ಕೋಶದಿಂದ ಹೊರಬೀಳುತ್ತದೆ. ಬಿರುಸಾಗಿ ಓಡುವವನ ಮಾಂಸಖಂಡದಲ್ಲಿ ಪ್ರಾಣವಾಯು ಸಾಲದೆ ಹೋದಾಗ ಉಂಟಾಗುವುದೂ ಇದೇ.

ವಾರ್‌ಬುರ್ಗರ ಪ್ರಶ್ನೆ

ಅರ್ಬುದಕ್ಕೂ ಈ ಕ್ರಿಯೆಗೂ ಇರುವ ಸಂಬಂಧವನ್ನು ಮೊದಲು ಕಂಡವರು ಜರ್ಮನಿಯ ಆಟೊ ವಾರ್‌ಬುರ್ಗರು. ೧೯೨೦ರ ದಶಕದ ಆದಿಭಾಗದಲ್ಲಿ ಅವರು ಬರ್ಲಿನ್ನಿನ ತಮ್ಮ ಪ್ರಯೋಗಶಾಲೆಯಲ್ಲಿ ಇಲಿಗಳ ಅರ್ಬುದದ ತೆಳುವಾದ ಹೋಳುಗಳನ್ನು ಪರೀಕ್ಷಿಸಿದಾಗ ಒಂದು ಆಶ್ಚರ್ಯವು ಗೋಚರಿಸಿತು. ಪ್ರಾಣವಾಯುವು ಬೇಕಾದಷ್ಟಿದ್ದರೂ ಆ ಕೋಶಗಳು ಸಕ್ಕರೆಯನ್ನು ಮಿತಿಮೀರಿ ನುಂಗಿ, ಅದನ್ನು ಪೂರ್ಣವಾಗಿ ದಹಿಸದೆ ಲ್ಯಾಕ್ಟಿಕ್ ಆಮ್ಲವನ್ನಾಗಿ ಹೊರಕ್ಕೆ ಚೆಲ್ಲುತ್ತಿದ್ದವು. ಉಸಿರಾಟದ ಕಿಣ್ವದ ಸ್ವರೂಪವನ್ನು ಕಂಡುಹಿಡಿದುದಕ್ಕಾಗಿ ವಾರ್‌ಬುರ್ಗರಿಗೆ ೧೯೩೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಜೀವಕೋಶದ ಉಸಿರಾಟವು ಕೆಡುವುದೇ ಅರ್ಬುದದ ಮೂಲಕಾರಣವೆಂಬ ವಾದವನ್ನು ಅವರು ೧೯೭೦ರಲ್ಲಿ ಕಾಲವಾಗುವವರೆಗೂ ಬಿಡಲಿಲ್ಲ.

ಆ ವಾದದ ಅರ್ಧಭಾಗ ಉಳಿಯಿತು, ಅರ್ಧಭಾಗ ಅಳಿಯಿತು. ಅರ್ಬುದದ ಕೋಶಗಳು ಸಕ್ಕರೆಯನ್ನು ಅತಿಯಾಗಿ ಸೆಳೆದುಕೊಳ್ಳುವುದು ನಿಜವೆಂಬುದಕ್ಕೆ ಇಂದಿನ ದೊಡ್ಡ ಆಸ್ಪತ್ರೆಗಳ ಪೆಟ್ ಸ್ಕ್ಯಾನೇ ಸಾಕ್ಷಿ. ವಿಕಿರಣದ ಗುರುತನ್ನಿಟ್ಟ ಸಕ್ಕರೆಯಂತಹ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದು ಎಲ್ಲಿ ಗುಂಪುಗೂಡುವುದೆಂಬುದನ್ನು ನೋಡಿ ರೋಗದ ನೆಲೆಯನ್ನು ಆ ಯಂತ್ರವು ತೋರಿಸುತ್ತದೆ. ಆದರೆ ಬಹುಪಾಲು ಅರ್ಬುದಗಳಲ್ಲಿ ಮೈಟೊಕಾಂಡ್ರಿಯವು ಕೆಟ್ಟಿರುವುದಿಲ್ಲ. ಅದು ದುಡಿಯುತ್ತಲೇ ಇರುತ್ತದೆ, ಅರ್ಬುದವು ಬೆಳೆಯಲು ಅದರ ಸಹಾಯವೂ ಬೇಕು. ಕೋಶವು ಸಕ್ಕರೆಯನ್ನು ಪೂರ್ಣವಾಗಿ ಉರಿಸದಿರುವುದು ಅಶಕ್ತಿಯಿಂದಲ್ಲ, ಸ್ವಾರ್ಥದಿಂದ. ಒಂದು ಕೋಶವು ಎರಡಾಗಬೇಕಾದರೆ ಶಕ್ತಿಯೊಂದೇ ಸಾಲದು. ಹೊಸ ಗೋಡೆಗೆ ಕೊಬ್ಬು, ಹೊಸ ತಂತುಗಳಿಗೆ ನ್ಯೂಕ್ಲಿಕ್ ಆಮ್ಲ ಮುಂತಾದ ಸಾಮಗ್ರಿಗಳು ಬೇಕು. ಸಕ್ಕರೆಯು ಒಡೆಯುವ ದಾರಿಯ ನಡುನಡುವೆ ಪಕ್ಕದ ಕಾಲುವೆಗಳನ್ನು ತೋಡಿ ಅರ್ಬುದಕೋಶವು ಆ ಸಾಮಗ್ರಿಗಳನ್ನು ಸೆಳೆದುಕೊಳ್ಳುತ್ತದೆ. ಇದಕ್ಕೆ ತೂಬು ಬಿಗಿಯಾಗಿದ್ದಷ್ಟೂ ಅದಕ್ಕೆ ಅನುಕೂಲ. ಹಾಗಾದರೆ ತೂಬನ್ನು ಮುಚ್ಚುವವರಾರು?

ಅಟ್ಲಾಂಟಾದ ಸಂಶೋಧನೆ

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಜಿಂಗ್ ಚೆನ್ ಎಂಬ ವಿಜ್ಞಾನಿಗಳೊಬ್ಬರು. ಅವರು ಅಮೆರಿಕಾದ ಅಟ್ಲಾಂಟಾ ನಗರದ ಎಮರಿ ವಿಶ್ವವಿದ್ಯಾನಿಲಯದ ಕ್ಯಾನ್ಸರ್ ಸಂಸ್ಥೆಯಲ್ಲಿದ್ದಾಗ, ಜುನ್ ಫ್ಯಾನ್ ಮೊದಲಾದ ಸಹಕಾರಿಗಳೊಡನೆ ನಡೆಸಿದ ಕಾರ್ಯವು ೨೦೧೬ರ ಡಿಸೆಂಬರಿನಲ್ಲಿ 'ಮಾಲಿಕ್ಯುಲರ್ ಸೆಲ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಊರುಗಳಲ್ಲಿ ಹಬ್ಬಿರುವ ಸಮಾಚಾರದ ಮೂಲವು ಇದೇ. ತೂಬನ್ನು ಮುಚ್ಚುವ ಕೈಗಳಲ್ಲೊಂದು ಮೈಟೊಕಾಂಡ್ರಿಯದಲ್ಲಿಯೇ ಇರುವ ಎ.ಸಿ.ಎ.ಟಿ. ೧ ಎಂಬ ಕಿಣ್ವವೆಂದು ಅವರು ತೋರಿಸಿದರು. ಈ ಕಿಣ್ವದ ನಾಲ್ಕು ಘಟಕಗಳು ಒಂದಕ್ಕೊಂದು ಕೂಡಿಕೊಂಡಾಗ ಮಾತ್ರ ಅದಕ್ಕೆ ಬಲ. ಅರ್ಬುದದ ಕೋಶಗಳಲ್ಲಿ, ಅತಿಯಾದ ಬೆಳವಣಿಗೆಯ ಸಂಜ್ಞೆಗಳ ಪ್ರೇರಣೆಯಿಂದ ಈ ನಾಲ್ಕರ ಕೂಟವು ಭದ್ರವಾಗುತ್ತದೆ, ತೂಬು ಬಿಗಿಯಾಗುತ್ತದೆ.

ಆ ಕೂಟವನ್ನು ಒಡೆಯಬಲ್ಲ ವಸ್ತುವು ಯಾವುದಾದರೂ ಇರಬಹುದೇ ಎಂದು ಹಲವಾರು ರಾಸಾಯನಿಕಗಳನ್ನು ಪರೀಕ್ಷಿಸುತ್ತಿದ್ದಾಗ ಅವರ ಕೈಗೆ ಸಿಕ್ಕಿದುದು ಅರಿಕೊಲಿನ್ ಹೈಡ್ರೋಬ್ರೋಮೈಡ್ ಎಂಬ ಲವಣ. ಅರಿಕೊಲಿನ್ ಎಂಬುದು ಅಡಿಕೆಯ ಮುಖ್ಯವಾದ ಕ್ಷಾರಸತ್ವ. ಅಡಿಕೆಯನ್ನು ಜಗಿದಾಗ ಮೈ ಬೆಚ್ಚಗಾಗುವುದೂ, ಜೊಲ್ಲು ಸುರಿಯುವುದೂ, ಮನಸ್ಸಿಗೆ ಒಂದು ಬಗೆಯ ಚುರುಕು ಬರುವುದೂ ಬಹುಮಟ್ಟಿಗೆ ಇದರಿಂದಲೇ. ಇದೇ ಲವಣವನ್ನು ಹಿಂದೆ ಪಶುವೈದ್ಯರು ನಾಯಿಗಳ ಹೊಟ್ಟೆಯ ಲಾಡಿಹುಳುವನ್ನು ಬೀಳಿಸಲು ಕೊಡುತ್ತಿದ್ದರು. ಚೆನ್ ಅವರ ಪ್ರಯೋಗಗಳಲ್ಲಿ ಇದು ಎ.ಸಿ.ಎ.ಟಿ. ೧ರ ನಾಲ್ಕರ ಕೂಟವನ್ನು ಸಡಿಲಿಸಿತು, ತೂಬು ತೆರೆಯಿತು, ಪೈರುವಿಕ್ ಆಮ್ಲವು ಮೈಟೊಕಾಂಡ್ರಿಯದ ದಹನಕ್ಕೆ ಹರಿಯಿತು, ಸಾಮಗ್ರಿ ಕುಂದಿದ ಅರ್ಬುದಕೋಶಗಳ ವೃದ್ಧಿಯು ತಗ್ಗಿತು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳಲ್ಲಿಯೂ, ಮನುಷ್ಯನ ಅರ್ಬುದವನ್ನು ನೆಟ್ಟ ಇಲಿಗಳಲ್ಲಿಯೂ, ರಕ್ತದ ಕ್ಯಾನ್ಸರಾದ ರೋಗಿಗಳಿಂದ ತೆಗೆದ ಕೋಶಗಳಲ್ಲಿಯೂ ಈ ಪರಿಣಾಮವು ಕಂಡುಬಂದಿತು.

ಇದು ನಿಜವಾಗಿಯೂ ಬೆಲೆಯುಳ್ಳ ಕೆಲಸ. ವಾರ್‌ಬುರ್ಗರು ಸುಮಾರು ನೂರು ವರ್ಷಗಳ ಹಿಂದೆ ಕೇಳಿದ ಪ್ರಶ್ನೆಗೆ ಒಂದು ಖಚಿತವಾದ ಉತ್ತರದ ತುಣುಕು ಇದರಲ್ಲಿದೆ; ಮುಂದೆ ಔಷಧವನ್ನು ರಚಿಸುವವರಿಗೆ ಒಂದು ಗುರಿಯೂ ದೊರೆತಿದೆ. ನಮ್ಮ ತೋಟದ ಕಾಯಿಯೊಂದರ ಸತ್ವವು ಇಂತಹ ಶೋಧನೆಗೆ ಸಾಧನವಾಯಿತೆಂದು ಹೆಮ್ಮೆಪಟ್ಟರೂ ತಪ್ಪಿಲ್ಲ. ಹೆಮ್ಮೆಯು ಎಲ್ಲೆಯನ್ನು ಮೀರಿದಲ್ಲಿಯೇ ತಪ್ಪು ಆರಂಭವಾಗುವುದು.

ಸಂಶೋಧನೆಯು ಹೇಳದಿರುವುದು

ಮೊದಲನೆಯದಾಗಿ, ಪ್ರಯೋಗದಲ್ಲಿ ಬಳಸಿದುದು ಶುದ್ಧೀಕರಿಸಿದ ಒಂದು ಲವಣವನ್ನು, ತೂಗಿ ಅಳೆದ ಪ್ರಮಾಣದಲ್ಲಿ. ಅಡಿಕೆಯ ಹೋಳನ್ನಲ್ಲ, ಸುಣ್ಣ ಹಚ್ಚಿದ ವೀಳ್ಯವನ್ನಲ್ಲ, ಸಕ್ಕರೆ ಸುಗಂಧಗಳನ್ನು ಬೆರಸಿ ಪೊಟ್ಟಣದಲ್ಲಿ ಮಾರುವ ಪುಡಿಯನ್ನಂತೂ ಅಲ್ಲವೇ ಅಲ್ಲ. ಎರಡನೆಯದಾಗಿ, ಪ್ರಯೋಗವು ನಡೆದುದು ಕೋಶಗಳ ಮೇಲೆ ಮತ್ತು ಇಲಿಗಳ ಮೇಲೆ. ರೋಗಿಗಳಿಗೆ ಕೊಟ್ಟು ಗುಣ ಕಂಡ ವೃತ್ತಾಂತವು ಅದರಲ್ಲಿಲ್ಲ. ಇಲಿಯಲ್ಲಿ ಗುಣ ತೋರಿ ಮನುಷ್ಯನಲ್ಲಿ ವಿಫಲವಾದ ಔಷಧಗಳು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಅಸಂಖ್ಯಾತ. ಮೂರನೆಯದಾಗಿ, ಎ.ಸಿ.ಎ.ಟಿ. ೧ ಎಂಬ ಕಿಣ್ವವು ಆರೋಗ್ಯವಂತರಿಗೂ ಬೇಕಾದುದೇ. ಹುಟ್ಟಿನಿಂದಲೇ ಅದರ ಕೊರತೆಯುಳ್ಳ ಶಿಶುಗಳಲ್ಲಿ ರಕ್ತವು ಆಮ್ಲಮಯವಾಗಿ ಪ್ರಾಣಾಪಾಯವೂ ಒದಗುವುದುಂಟು. ಆದಕಾರಣ ಈ ಕಿಣ್ವವನ್ನು ತಡೆಯುವುದು ಬಹು ಎಚ್ಚರಿಕೆಯಿಂದ ಮಾಡತಕ್ಕ ಕೆಲಸ.

ಒಂದು ಉದಾಹರಣೆಯಿಂದ ಇದು ಇನ್ನೂ ವಿಶದವಾಗಬಹುದು. ಪಾಷಾಣವು ವಿಷವೆಂಬುದನ್ನೂ, ಅದು ಸೇರಿದ ನೀರನ್ನು ಬಹುಕಾಲ ಕುಡಿದವರಿಗೆ ಚರ್ಮದ ಅರ್ಬುದವೂ ಶ್ವಾಸಕೋಶದ ಅರ್ಬುದವೂ ಬರುವುವೆಂಬುದನ್ನೂ ಎಲ್ಲರೂ ಬಲ್ಲರು. ಅದೇ ಪಾಷಾಣದ ಒಂದು ಸಂಯುಕ್ತವಾದ ಆರ್ಸೆನಿಕ್ ಟ್ರೈಆಕ್ಸೈಡು ರಕ್ತದ ಒಂದು ವಿಧವಾದ ಕ್ಯಾನ್ಸರಿಗೆ ದಿವ್ಯೌಷಧವಾಗಿ, ೨೦೦೦ದಲ್ಲಿ ಅಮೆರಿಕಾದ ಸರ್ಕಾರದವರ ಒಪ್ಪಿಗೆಯನ್ನೂ ಪಡೆಯಿತು. ಅಷ್ಟರಿಂದ ಪಾಷಾಣ ಬೆರೆತ ಬಾವಿಯ ನೀರನ್ನು ಕುಡಿಯಿರೆಂದು ಯಾವ ವೈದ್ಯರೂ ಹೇಳಲಿಲ್ಲ. ಒಂದು ವಸ್ತುವು ವೈದ್ಯರ ಕೈಯಲ್ಲಿ ಮದ್ದಾಗಿಯೂ ಬೀದಿಯಲ್ಲಿ ವಿಷವಾಗಿಯೂ ಇರಬಲ್ಲುದು. ಒಂದು ಮಾತು ಮತ್ತೊಂದನ್ನು ಸುಳ್ಳುಮಾಡುವುದಿಲ್ಲ. ಅಡಿಕೆಯ ಸತ್ವದ ವಿಷಯದಲ್ಲಿಯೂ ನ್ಯಾಯವು ಇದೇ.

ಬಾಯಿಯ ಸಾಕ್ಷ್ಯ

ಅಡಿಕೆಯನ್ನು ಜಗಿಯುವುದರ ಪರಿಣಾಮವನ್ನು ತಿಳಿಯಲು ಇಲಿಗಳ ಪ್ರಯೋಗವನ್ನು ಕಾಯಬೇಕಾಗಿಲ್ಲ. ಮನುಷ್ಯರ ಮೇಲಿನ ಸಾಕ್ಷ್ಯವೇ ಬೇಕಾದಷ್ಟಿದೆ. ೧೯೫೨ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯನು ಪೂರ್ವ ಆಫ್ರಿಕಾದಲ್ಲಿ ನೆಲಸಿದ್ದ ಭಾರತೀಯ ಸ್ತ್ರೀಯರ ಬಾಯಿಯಲ್ಲಿ ಒಂದು ವಿಚಿತ್ರವಾದ ಬಿಗಿತವನ್ನು ಕಂಡು ವರ್ಣಿಸಿದನು. ಮರುವರ್ಷವೇ ಮುಂಬಯಿಯ ಡಾಕ್ಟರ್ ಜೋಶಿಯವರು ಅದನ್ನು ನಮ್ಮ ದೇಶದಲ್ಲಿ ಗುರುತಿಸಿದರು. ಕೆನ್ನೆಯ ಒಳಗಿನ ಮೆತ್ತನೆಯ ಪೊರೆಯು ಬಿಳಿಚಿಕೊಂಡು ನಾರಿನಂತೆ ಗಡುಸಾಗುವುದು. ಖಾರವನ್ನು ಬಾಯಿಗಿಟ್ಟರೆ ಉರಿಯುವುದು. ಬರಬರುತ್ತ ಬಾಯಿಯು ಮೂರು ಬೆರಳು ಹೋಗುವಷ್ಟು ಸಹ ತೆರೆಯದಾಗುವುದು. ಇದಕ್ಕೆ ಮುಖ್ಯ ಕಾರಣವು ಅಡಿಕೆಯೇ ಎಂಬುದು ಈಗ ನಿರ್ವಿವಾದವಾಗಿದೆ. ಅರಿಕೊಲಿನ್ ನಾರಿನಂಶವನ್ನು ಹೆಚ್ಚಿಸುತ್ತದೆ. ಅಡಿಕೆಯಲ್ಲಿರುವ ತಾಮ್ರವು ಆ ನಾರುಗಳನ್ನು ಒಂದಕ್ಕೊಂದು ಹೆಣೆದು ಬಿಗಿಮಾಡುತ್ತದೆ. ಸುಣ್ಣವು ಸೇರಿದಾಗ ಅಡಿಕೆಯ ಒಗರಿನಂಶದಿಂದ ಕೋಶಗಳನ್ನು ಘಾಸಿಮಾಡುವ ಉಗ್ರವಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂತಹ ೬೬ ಮಂದಿಯನ್ನು ಹದಿನೇಳು ವರ್ಷಗಳ ಅವಧಿಯಲ್ಲಿ ಪರಿಶೀಲಿಸುತ್ತ ಬಂದ ವಿದ್ವಾಂಸರು, ಅವರಲ್ಲಿ ಐವರಿಗೆ ಬಾಯಿಯ ಕ್ಯಾನ್ಸರು ಬಂದಿತೆಂದು ೧೯೮೫ರಲ್ಲಿ ವರದಿಮಾಡಿದರು.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಬೆರೆತ ತಾಂಬೂಲವನ್ನು ೧೯೮೫ರಲ್ಲಿಯೇ ಅರ್ಬುದಕಾರಕವೆಂದು ಘೋಷಿಸಿತು. ೨೦೦೪ರಲ್ಲಿ ಪ್ರಕಟವಾದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಅದೇ ಮೊದಲನೆಯ ವರ್ಗಕ್ಕೆ ಸೇರಿಸಿತು. ಈ ವರ್ಗವು ಹಾನಿಯ ಪ್ರಮಾಣವನ್ನು ಹೇಳುವುದಲ್ಲ, ಸಾಕ್ಷ್ಯದ ಬಲವನ್ನು ಹೇಳುವುದೆಂಬುದನ್ನು ವಾಚಕರು ಗಮನಿಸಬೇಕು. ಅದೇ ಸಂಸ್ಥೆಯು ೨೦೨೦ರಲ್ಲಿ ಅರಿಕೊಲಿನ್ ಒಂದನ್ನೇ ವಿಚಾರಿಸಿ, ಅದು ಅರ್ಬುದಕಾರಕವಾಗಿರುವ ಸಂಭವವುಂಟೆಂದು ಮಾತ್ರ ಹೇಳಿತು. ಎಂದರೆ ಶುದ್ಧ ಸತ್ವದ ಮೇಲಿನ ಸಾಕ್ಷ್ಯಕ್ಕಿಂತಲೂ ಇಡೀ ಅಡಿಕೆಯ ಮೇಲಿನ ಸಾಕ್ಷ್ಯವೇ ಬಲವಾದುದು. ಸತ್ವದ ಮೇಲೆ ನಡೆದ ಪ್ರಯೋಗವನ್ನು ತೋರಿಸಿ ಅಡಿಕೆಯನ್ನು ನಿರ್ದೋಷಿಯೆಂದು ಸಾರುವವರು ಇದನ್ನು ಚೆನ್ನಾಗಿ ಯೋಚಿಸತಕ್ಕದ್ದು.

ಅದೇ ಸಂಸ್ಥೆಯವರು ೨೦೨೪ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ೨೦೨೨ನೆಯ ಇಸವಿಯಲ್ಲಿ ಲೋಕದಲ್ಲೆಲ್ಲ ಹೊಸದಾಗಿ ಬಾಯಿಯ ಕ್ಯಾನ್ಸರಿಗೆ ತುತ್ತಾದವರು ೩,೮೯,೮೦೦ ಮಂದಿ. ಅವರಲ್ಲಿ ೧,೨೦,೨೦೦ ಮಂದಿಯ ರೋಗಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಗಳೇ ಕಾರಣ. ಅವರ ಪೈಕಿ ೮೩,೪೦೦ ಮಂದಿ ನಮ್ಮ ಭಾರತದವರು. ಇವು ಬರಿಯ ಅಂಕಿಗಳಲ್ಲ. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯ ಅಂಗಳದಲ್ಲಿ ಒಂದು ಬೆಳಗ್ಗೆ ನಿಂತು ನೋಡಿದವರಿಗೆ, ದವಡೆಗೆ ಬಟ್ಟೆ ಕಟ್ಟಿಕೊಂಡು ಮಾತನಾಡಲಾರದೆ ಕುಳಿತಿರುವ ಹಳ್ಳಿಗರೇ ಈ ಅಂಕಿಗಳ ಅರ್ಥವನ್ನು ಹೇಳಿಯಾರು.

ಎರಡು ಆಕ್ಷೇಪಣೆಗಳು

ದೋಷವೆಲ್ಲವೂ ಹೊಗೆಸೊಪ್ಪಿನದು, ಅಡಿಕೆಯದಲ್ಲ ಎಂದು ಕೆಲವರು ವಾದಿಸುವರು. ಹೊಗೆಸೊಪ್ಪಿನ ದೋಷವು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೈವಾನ್ ದ್ವೀಪದಲ್ಲಿ ಜನರು ಅಡಿಕೆಯನ್ನು ಸುಣ್ಣದೊಡನೆ, ಹೊಗೆಸೊಪ್ಪಿಲ್ಲದೆಯೇ ಜಗಿಯುವರು. ಅಲ್ಲಿಯೂ ಬಾಯಿಯ ಕ್ಯಾನ್ಸರು ವಿಶೇಷವಾಗಿದೆ. ಅಡಿಕೆಯನ್ನು ಪ್ರತ್ಯೇಕವಾಗಿ ದೋಷಿಯೆಂದು ನಿರ್ಣಯಿಸಿದುದಕ್ಕೆ ಆಧಾರವಾದ ಸಾಕ್ಷ್ಯಗಳಲ್ಲಿ ಇದೂ ಒಂದು.

ನಮ್ಮ ಅಜ್ಜಿಯಂದಿರು ಜೀವಮಾನವೆಲ್ಲ ಎಲೆಯಡಿಕೆ ಹಾಕಿಕೊಂಡು ನೂರು ವರ್ಷ ಬಾಳಲಿಲ್ಲವೇ ಎಂಬುದು ಎರಡನೆಯ ಆಕ್ಷೇಪಣೆ. ಬಾಳಿದವರನ್ನು ನಾವು ನೆನೆಯುತ್ತೇವೆ. ಬಾಯಿಹುಣ್ಣೆಂದು ನರಳಿ ರೋಗದ ಹೆಸರೂ ತಿಳಿಯದೆ ತೀರಿಕೊಂಡವರ ಲೆಕ್ಕವನ್ನು ಇಟ್ಟವರಾರು? ಲೆಕ್ಕವು ಆರಂಭವಾದುದೇ ಈಚೆಗೆ. ಬೆಂಗಳೂರಿನಲ್ಲಿ ೧೯೮೨ರಿಂದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನಿಡಲು ತೊಡಗಿದಮೇಲೆ, ಹೆಂಗಸರಲ್ಲಿ ಬಾಯಿಯ ಕ್ಯಾನ್ಸರು ಮುಖ್ಯವಾದವುಗಳಲ್ಲಿ ಒಂದೆಂಬುದು ಗೋಚರವಾಯಿತು. ಎಲೆಯಡಿಕೆಯ ಅಭ್ಯಾಸವೇ ಅದಕ್ಕೆ ಹೇಳಬಹುದಾದ ಪ್ರಬಲ ಕಾರಣ. ಊಟವಾದಮೇಲೆ ಒಂದು ಸಲ ತಾಂಬೂಲ ಹಾಕಿಕೊಳ್ಳುತ್ತಿದ್ದ ಹಿಂದಿನವರಿಗೂ, ಬೆಳಗಿನಿಂದ ರಾತ್ರಿಯವರೆಗೆ ಪೊಟ್ಟಣದಮೇಲೆ ಪೊಟ್ಟಣವನ್ನು ಕೆನ್ನೆಯಲ್ಲಿರಿಸಿಕೊಳ್ಳುವ ಇಂದಿನ ಹುಡುಗರಿಗೂ ಭೂಮ್ಯಾಕಾಶದ ಅಂತರವಿದೆ. ಕರ್ನಾಟಕ ಸರ್ಕಾರದವರು ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿದರು. ವ್ಯಾಪಾರಿಗಳು ಅಡಿಕೆಯ ಪುಡಿಯನ್ನೂ ಹೊಗೆಸೊಪ್ಪನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಜೊತೆಯಾಗಿ ಮಾರತೊಡಗಿದರು. ಕಾಯಿದೆಯು ಮುಂಬಾಗಿಲಿನಿಂದ ಹೊರದೂಡಿದುದು ಹಿತ್ತಲ ಬಾಗಿಲಿನಿಂದ ಒಳಬಂದಿತು.

ಮಂಗಳಕಾರ್ಯಗಳಲ್ಲಿ ವೀಳ್ಯವನ್ನು ಕೊಡುವುದನ್ನಾಗಲಿ, ದೇವರ ಮುಂದೆ ಅಡಿಕೆಯನ್ನಿಡುವುದನ್ನಾಗಲಿ ಯಾರೂ ಆಕ್ಷೇಪಿಸುತ್ತಿಲ್ಲ. ಕೊಟ್ಟ ಅಡಿಕೆಯು ಗೌರವದ ಗುರುತು; ಅದನ್ನು ದಿನವಿಡೀ ಜಗಿಯಬೇಕೆಂಬ ಶಾಸ್ತ್ರವೇನೂ ಇಲ್ಲ.

ಮಾಡತಕ್ಕದ್ದೇನು?

ಹಾಗಾದರೆ ಗುಬ್ಬಿಯ ತೋಟಗಾರನು ತನ್ನ ಮರಗಳನ್ನು ಕಡಿದುಹಾಕಬೇಕೆ? ಹಾಗೆಂದು ನಾವು ಹೇಳುವುದಿಲ್ಲ. ಪಟ್ಟಣದ ಕುರ್ಚಿಯಲ್ಲಿ ಕುಳಿತು, ಪರ್ಯಾಯವನ್ನು ತೋರಿಸದೆ, ಬೆಳೆಯನ್ನು ನಿಲ್ಲಿಸಿರೆಂದು ಅಪ್ಪಣೆ ಕೊಡುವುದು ಸುಲಭ, ಅದು ನ್ಯಾಯವಲ್ಲ. ಆದರೆ ಮೂರು ಕೆಲಸಗಳು ಈಗಲೇ ಆಗಬೇಕಾಗಿವೆ.

ಮೊದಲನೆಯದು ಬೆಳೆಗಾರರ ಸಂಘಗಳಿಗೆ ಸೇರಿದುದು. ಅಡಿಕೆಯು ಕ್ಯಾನ್ಸರನ್ನು ಗುಣಪಡಿಸುವುದೆಂಬ ಪ್ರಚಾರಕ್ಕೆ ಅವರು ಬೆಂಬಲವನ್ನು ಕೊಡಕೂಡದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಇಂದು ಒಂದು ಸಂಶೋಧನೆಯನ್ನು ತಿರುಚಿ ನ್ಯಾಯಾಲಯದ ಮುಂದೆಯೋ ಸರ್ಕಾರದ ಮುಂದೆಯೋ ಇಟ್ಟರೆ, ಮೂಲವನ್ನು ಓದಬಲ್ಲವರು ನಾಳೆ ಅದನ್ನು ಬಯಲಿಗೆಳೆಯುವರು. ಅನಂತರ ಬೆಳೆಗಾರನು ಹೇಳುವ ನಿಜವಾದ ಕಷ್ಟವನ್ನೂ ಯಾರೂ ನಂಬದ ಸ್ಥಿತಿ ಬರುವುದು.

ಎರಡನೆಯದು ಸರ್ಕಾರದವರಿಗೂ ಕೃಷಿ ವಿಶ್ವವಿದ್ಯಾನಿಲಯಗಳಿಗೂ ಸೇರಿದುದು. ಜಗಿಯುವುದನ್ನು ಬಿಟ್ಟು ಅಡಿಕೆಗೆ ಬೇರೆ ಉಪಯೋಗಗಳೇನೆಂಬುದನ್ನು ಶ್ರದ್ಧೆಯಿಂದ ಶೋಧಿಸಬೇಕು. ಒಗರಿನಂಶದಿಂದ ಬಣ್ಣ ಮಾಡುವುದು, ಚರ್ಮ ಹದಮಾಡುವುದು, ಸಿಪ್ಪೆಯ ನಾರನ್ನು ಬಳಸುವುದು ಮುಂತಾದ ದಾರಿಗಳಿವೆ. ಇಲ್ಲಿಯೂ ಎಚ್ಚರವು ಅಗತ್ಯ. ಅಡಿಕೆಯ ಹಾಳೆಯಿಂದ ಮಾಡಿದ ಊಟದ ತಟ್ಟೆಗಳಿಂದ ಕ್ಷಾರಸತ್ವವು ಆಹಾರಕ್ಕೆ ಇಳಿಯಬಹುದೆಂದು ಅಮೆರಿಕಾದ ಆಹಾರ ಮತ್ತು ಔಷಧ ಇಲಾಖೆಯವರು ೨೦೨೫ರಲ್ಲಿ ಆಕ್ಷೇಪವನ್ನೆತ್ತಿದರು. ನಮ್ಮ ಪ್ರಯೋಗಶಾಲೆಗಳು ಇಂತಹ ಪ್ರಶ್ನೆಗಳಿಗೆ ಮುಂಚಿತವಾಗಿಯೇ ಉತ್ತರವನ್ನು ಸಿದ್ಧಪಡಿಸಿಟ್ಟಿರಬೇಕು. ತೋಟದಲ್ಲಿಯೇ ಮೆಣಸು, ಕೋಕೋ, ಬಾಳೆಗಳನ್ನು ಬೆಳೆದು, ಒಂದೇ ಕಾಯಿಯ ಧಾರಣೆಗೆ ಸಂಸಾರದ ಬದುಕನ್ನೆಲ್ಲ ಕಟ್ಟಿಹಾಕದಿರುವುದು ಬೆಳೆಗಾರನಿಗೂ ಲೇಸು. ಹೊಸದಾಗಿ ಗದ್ದೆ ಹೊಲಗಳನ್ನು ಅಡಿಕೆಯ ತೋಟವಾಗಿ ಮಾಡಲು ಹೊರಟಿರುವವರು ಎರಡು ಸಲ ಯೋಚಿಸುವುದು ಒಳ್ಳೆಯದು.

ಮೂರನೆಯದು ಬಹಳ ಸುಲಭವಾದುದು, ಬಹಳ ಅಗ್ಗವಾದುದು. ಆದುದರಿಂದಲೇ ಯಾರ ಗಮನವನ್ನೂ ಸೆಳೆಯದೆ ಉಳಿದಿರುವುದು. ಬಾಯಿಯು ಕಣ್ಣಿಗೆ ಕಾಣುವ ಅಂಗ; ಅದನ್ನು ಪರೀಕ್ಷಿಸಲು ಒಂದು ಟಾರ್ಚು, ಒಂದು ಕೈಗವಸು, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ ಸಾಕು. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ೧೯೯೬ರಲ್ಲಿ ಆರಂಭಿಸಿದ ಒಂದು ದೊಡ್ಡ ಪ್ರಯೋಗದಲ್ಲಿ, ಕೆಲವು ಪಂಚಾಯತಿಗಳ ಜನರ ಬಾಯಿಯನ್ನು ಕೆಲವು ವರ್ಷಗಳಿಗೊಮ್ಮೆ ಹೀಗೆ ಪರೀಕ್ಷಿಸಲಾಯಿತು. ಉಳಿದ ಪಂಚಾಯತಿಗಳೊಡನೆ ಹೋಲಿಸಲಾಯಿತು. ತಂಬಾಕನ್ನಾಗಲಿ ಮದ್ಯವನ್ನಾಗಲಿ ಬಳಸುವವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಮರಣವು ಸುಮಾರು ಮೂರರಲ್ಲೊಂದು ಭಾಗ ಕಡಿಮೆಯಾಯಿತೆಂದು ೨೦೦೫ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂದಿತು. ಕೇರಳದಲ್ಲಿ ಸಾಧ್ಯವಾದುದು ತುಮಕೂರಿನಲ್ಲಿ ಏಕೆ ಸಾಧ್ಯವಾಗಬಾರದು? ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಗುಬ್ಬಿ ಕುಣಿಗಲುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ. ಕೆನ್ನೆಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಮೂರು ಬೆರಳಿಗೆ ತೆರೆಯದ ಬಾಯಿ: ಈ ಮೂರನ್ನು ಗುರುತಿಸಲು ಕಲಿಸಿದರೆ ಎಷ್ಟೋ ಪ್ರಾಣಗಳು ಉಳಿದಾವು. ಬೆಳೆಗಾರರ ಸಹಕಾರ ಸಂಘಗಳು ತಮ್ಮ ಲಾಭದಲ್ಲಿ ಒಂದು ಅಲ್ಪಭಾಗವನ್ನು ಈ ಪರೀಕ್ಷೆಗಾಗಿ ಮೀಸಲಿಟ್ಟರೆ, ಅಡಿಕೆಯ ಮೇಲಿನ ಆರೋಪಕ್ಕೆ ಅದಕ್ಕಿಂತ ಘನವಾದ ಉತ್ತರವು ಬೇರೊಂದಿರಲಾರದು.

ವಾರ್‌ಬುರ್ಗರು ತಮ್ಮ ಪ್ರಯೋಗಶಾಲೆಯಲ್ಲಿ ಕಂಡುದು ಸರಿಯಾಗಿತ್ತು; ಅದರಿಂದ ಊಹಿಸಿದುದರಲ್ಲಿ ಎಷ್ಟೋ ಭಾಗ ತಪ್ಪಾಗಿತ್ತು. ಅವರ ನಂತರ ಬಂದವರು ಸರಿಯಾದುದನ್ನು ಇಟ್ಟುಕೊಂಡರು, ತಪ್ಪನ್ನು ಬಿಟ್ಟರು. ವಿಜ್ಞಾನವು ಮುಂದುವರಿಯುವುದು ಹೀಗೆಯೇ. ಅಟ್ಲಾಂಟಾದ ಪ್ರಯೋಗಶಾಲೆಯಿಂದ ಬಂದ ಸಮಾಚಾರವನ್ನೂ ನಾವು ಹಾಗೆಯೇ ಸ್ವೀಕರಿಸೋಣ. ಅಡಿಕೆಯ ಸತ್ವದಿಂದ ಮುಂದೊಂದು ದಿನ ಔಷಧವು ಬಂದರೆ ಬರಲಿ. ಬಂದಾಗ ಅದನ್ನು ವೈದ್ಯರು ಅಳೆದು ಕೊಡುವರು. ಅಲ್ಲಿಯವರೆಗೆ ತುಮಕೂರಿನ ತರುಣನ ಕೆನ್ನೆಯಲ್ಲಿರುವ ಅಡಿಕೆಯ ಹೋಳು ಔಷಧವಲ್ಲ. ಇದನ್ನು ಅವನಿಗೆ ಹೇಳುವ ಧೈರ್ಯವು, ಅವನ ತಂದೆಯ ತೋಟವನ್ನು ಉಳಿಸುವ ಕಾಳಜಿಯೊಡನೆಯೇ, ನಮ್ಮ ಅಧಿಕಾರಿಗಳಿಗೂ ಮುಖಂಡರಿಗೂ ಬರಬೇಕಾಗಿದೆ.